ಅರಿಯುವ ಹಕ್ಕು: ಒಂದು ವಿವೇಚನೆ

ರಾಜ್ಯಭಾರವೆಂಬುದು ಎರಡು ಭಂಡಾರಗಳನ್ನು ಆಶ್ರಯಿಸಿ ನಿಂತಿರುತ್ತದೆ. ಒಂದು ಧನದ ಭಂಡಾರ, ಇನ್ನೊಂದು ಬರಹದ ಭಂಡಾರ. ಮೊದಲನೆಯದರಲ್ಲಿ ಪ್ರಜೆಗಳು ತೆತ್ತ ತೆರಿಗೆ ಸಂಚಿತವಾಗಿರುತ್ತದೆ. ಎರಡನೆಯದರಲ್ಲಿ ಆ ತೆರಿಗೆ ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು, ಯಾರ ಅಪ್ಪಣೆಯಿಂದ ಹೋಯಿತು ಎಂಬ ವೃತ್ತಾಂತ ಸಂಚಿತವಾಗಿರುತ್ತದೆ. ಧನದ ಭಂಡಾರವು ಪ್ರಜೆಗಳದೆಂಬುದನ್ನು ಒಪ್ಪದವರು ವಿರಳ. ಆದರೆ ಬರಹದ ಭಂಡಾರವೂ ಅವರದೇ ಎಂಬ ಮಾತನ್ನು ಲೋಕವು ಒಪ್ಪಿಕೊಳ್ಳುವುದಕ್ಕೆ ಶತಮಾನಗಳೇ ಹಿಡಿದವು. ಭಾರತ ದೇಶದಲ್ಲಿ ಈ ಮಾತಿಗೆ ಶಾಸನದ ಬಲವು ಪೂರ್ಣವಾಗಿ ಒದಗಿದುದು ೨೦೦೫ರ ಅಕ್ಟೋಬರ್ ೧೨ರಂದು. ಅಂದು ಮಾಹಿತಿ ಹಕ್ಕು ಅಧಿನಿಯಮವು ಜಾರಿಗೆ ಬಂದಿತು. ಈ ಅಧಿನಿಯಮದ ಹುಟ್ಟು, ಸ್ವರೂಪ, ಬಳಕೆಯ ಕ್ರಮ, ಅದಕ್ಕಿರುವ ಎಲ್ಲೆಗಳು ಇವುಗಳನ್ನು ಅರಿತುಕೊಳ್ಳುವುದು ನಾಳಿನ ಪ್ರಜೆಗಳಾದ ವಿದ್ಯಾರ್ಥಿಗಳಿಗೆ ಅತ್ಯವಶ್ಯ.

ಶಬ್ದವಿಚಾರ

ವಿಷಯಪ್ರವೇಶಕ್ಕೆ ಮುನ್ನ ಕೆಲವು ಶಬ್ದಗಳನ್ನು ವಿಚಾರಿಸುವುದು ಉಚಿತ. 'ಹಕ್ಕು' ಎಂಬುದು ಕನ್ನಡದಲ್ಲಿ ಈಗ ಮನೆಯ ಮಾತೇ ಆಗಿದ್ದರೂ ಅದು ಅರಬ್ಬಿ ಮೂಲದ 'ಹಕ್' ಎಂಬ ಶಬ್ದದಿಂದ ಬಂದುದು. ಆ ಭಾಷೆಯಲ್ಲಿ ಅದಕ್ಕೆ 'ಸತ್ಯ' ಎಂಬ ಅರ್ಥವೂ ಉಂಟು, 'ನ್ಯಾಯವಾಗಿ ಸಲ್ಲತಕ್ಕದ್ದು' ಎಂಬ ಅರ್ಥವೂ ಉಂಟು. ಅರಿಯುವ ಹಕ್ಕೆಂದಾಗ ಈ ಎರಡು ಅರ್ಥಗಳೂ ಒಂದರೊಳಗೊಂದು ಬೆರೆತು ನಿಲ್ಲುತ್ತವೆ.

ಇನ್ನು 'ಕಡತ'ವೆಂಬ ಶಬ್ದ. ಇಂದು ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಈ ಹೆಸರು ಸಲ್ಲುತ್ತಿದೆ. ಪೂರ್ವದಲ್ಲಿ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಿಕೆ ಮಾಡಿದ ಬರಹದ ಸಾಧನ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮಠಗಳ ಆಯವ್ಯಯ, ದಾನದತ್ತಿ, ಪತ್ರವ್ಯವಹಾರಗಳು ಕಡತಗಳಲ್ಲಿ ದಾಖಲಾಗುತ್ತಿದ್ದವು. ಶೃಂಗೇರಿಯ ಕಡತಗಳು ಇತಿಹಾಸಕಾರರಿಗೆ ಸುಪರಿಚಿತವಾಗಿವೆ. ಕಡತವು ಮಡಿಚಿದರೆ ಮುಚ್ಚುತ್ತದೆ, ಬಿಡಿಸಿದರೆ ತೆರೆಯುತ್ತದೆ. ಅದನ್ನು ಬಿಡಿಸಿ ನೋಡುವ ಅಧಿಕಾರ ಯಾರಿಗೆ ಎಂಬುದೇ ಪ್ರಕೃತ ವಿಷಯದ ತಿರುಳು.

ಪೂರ್ವಪರಂಪರೆ

ಆಳುವವರ ನಿರ್ಣಯಗಳನ್ನು ಜನರೆದುರಿಗೆ ತೆರೆದಿಡುವ ರೂಢಿ ಈ ನಾಡಿಗೆ ಹೊಸತೇನಲ್ಲ. ಶಿಲಾಶಾಸನಗಳನ್ನೇ ನೋಡಬಹುದು. ದತ್ತಿಯನ್ನು ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ಚತುಸ್ಸೀಮೆ ಯಾವುದು, ಸಾಕ್ಷಿಗಳಾರು ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆಯಿಸಿ ದೇವಾಲಯದ ಮುಂದೆ, ಕೆರೆಯ ಏರಿಯ ಮೇಲೆ, ಊರಿನ ನಡುವೆ ನಿಲ್ಲಿಸುತ್ತಿದ್ದರು. ದಾರಿಹೋಕನೂ ಓದಬಹುದಾಗಿದ್ದ, ಊರವರ ಭಾಷೆಯಲ್ಲಿಯೇ ಇರುತ್ತಿದ್ದ ಆ ಬರಹ ಸಾರ್ವಜನಿಕ ದಾಖಲೆಯೇ ಸರಿ. ತಮಿಳುನಾಡಿನ ಉತ್ತರಮೇರೂರಿನಲ್ಲಿರುವ ಹತ್ತನೆಯ ಶತಮಾನದ ಚೋಳ ಶಾಸನವು ಗ್ರಾಮಸಭೆಯ ಚುನಾವಣೆಯ ನಿಯಮಗಳನ್ನು ವಿಧಿಸುತ್ತದೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದೆ ಹೋದವರೂ ಅವರ ನೆಂಟರೂ ಮತ್ತೆ ಆಯ್ಕೆಗೆ ಅರ್ಹರಲ್ಲವೆಂದು ಅದು ಸ್ಪಷ್ಟವಾಗಿ ಸಾರುತ್ತದೆ. ಅದಕ್ಕೂ ಹಿಂದೆ ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಅಧಿಕಾರಿಗಳು ರಾಜಧನವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿದ್ದಾನೆ.

ಶರಣಚರಿತ್ರೆಯಲ್ಲಿಯೂ ಇದಕ್ಕೊಂದು ನಿದರ್ಶನವಿದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಸನ ಹೊನ್ನನ್ನು ಜಂಗಮರಿಗೆ ವ್ಯಯಿಸಿದರೆಂದು ದೂರು ಹುಟ್ಟಿದಾಗ, ಭಂಡಾರವನ್ನು ತೆರೆದು ಎಣಿಸಿ ನೋಡಲು ಕೊರತೆ ಕಾಣದೆ ಹೋದ ಪ್ರಸಂಗವನ್ನು ಬಸವಪುರಾಣಗಳು ಬಣ್ಣಿಸುತ್ತವೆ. ಅದರಲ್ಲಿನ ಪವಾಡವನ್ನು ಭಕ್ತಿಯ ಪಾಲಿಗೆ ಬಿಟ್ಟು ನೋಡಿದರೂ ಒಂದು ನೀತಿ ಉಳಿಯುತ್ತದೆ: ಶುದ್ಧಹಸ್ತನಾದ ಭಂಡಾರಿಗೆ ಭಂಡಾರದ ಬಾಗಿಲು ತೆರೆಯುವುದರಲ್ಲಿ ಭಯವಿಲ್ಲ.

ಆದರೆ ಹಳೆಯ ರೂಢಿಗೂ ಇಂದಿನ ಹಕ್ಕಿಗೂ ಇರುವ ಅಂತರವನ್ನು ಮರೆಯಬಾರದು. ಶಾಸನವನ್ನು ಕಲ್ಲಿನಲ್ಲಿ ಬರೆಯಿಸುವುದು ಅರಸನ ಇಚ್ಛೆಗೆ ಸೇರಿದ್ದು. ಅವನು ಬರೆಯಿಸಿದ್ದನ್ನು ಪ್ರಜೆ ಓದಬಹುದಾಗಿತ್ತು. ಬರೆಯಿಸದೆ ಬಿಟ್ಟುದನ್ನು ಕೇಳುವಂತಿರಲಿಲ್ಲ. ಕೇಳುವ ಅಧಿಕಾರ ಪ್ರಜೆಗೆ ಬಂದುದೇ ಪ್ರಜಾಪ್ರಭುತ್ವದ ವಿಶೇಷ.

ಮುಚ್ಚಿದ ಬಾಗಿಲು ತೆರೆದ ಬಗೆ

ಸರ್ಕಾರದ ದಾಖಲೆಗಳನ್ನು ನೋಡುವ ಹಕ್ಕನ್ನು ಶಾಸನದ ಮೂಲಕ ಪ್ರಜೆಗಳಿಗಿತ್ತ ಮೊದಲ ದೇಶ ಸ್ವೀಡನ್. ೧೭೬೬ರಲ್ಲಿ ಅಲ್ಲಿ ಅಂಗೀಕೃತವಾದ ಮುದ್ರಣ ಸ್ವಾತಂತ್ರ್ಯ ಶಾಸನದ ಹಿಂದೆ ಆಂಡರ್ಸ್ ಕೈಡೇನಿಯಸ್ ಎಂಬ ಪಾದ್ರಿಯ ಶ್ರಮವಿತ್ತು. ಈಗಿನ ಫಿನ್‌ಲೆಂಡ್ ಆಗ ಸ್ವೀಡನ್ನಿನ ಭಾಗವಾಗಿದ್ದು, ಕೈಡೇನಿಯಸ್ ಆ ಪ್ರಾಂತದವನು. ಸೋಜಿಗವೆಂದರೆ, ಸರ್ಕಾರದ ಹಣಕಾಸಿನ ನೀತಿಯನ್ನು ಟೀಕಿಸಿ ಬರೆದುದಕ್ಕಾಗಿ ಅದೇ ವರ್ಷ ಅವನನ್ನು ಶಾಸನಸಭೆಯಿಂದ ಹೊರಹಾಕಲಾಯಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂತಹ ಶಾಸನಕ್ಕೆ ಅಧ್ಯಕ್ಷ ಲಿಂಡನ್ ಜಾನ್ಸನ್ನರ ಅಂಕಿತ ಬಿದ್ದುದು ೧೯೬೬ರ ಜುಲೈ ೪ರಂದು. ಬ್ರಿಟನ್ನಿನಲ್ಲಿ ೨೦೦೦ದಲ್ಲಿ ಅಂಗೀಕೃತವಾದ ಶಾಸನ ೨೦೦೫ರ ಜನವರಿಯಲ್ಲಿ ಪೂರ್ಣವಾಗಿ ಜಾರಿಗೆ ಬಂದಿತು.

ಭಾರತಕ್ಕೆ ಆಂಗ್ಲರಿಂದ ಬಂದ ಬಳುವಳಿ ಇದಕ್ಕೆ ವಿರುದ್ಧವಾದುದು. ೧೯೨೩ರ ಅಧಿಕೃತ ರಹಸ್ಯಗಳ ಅಧಿನಿಯಮವು ಸರ್ಕಾರದ ಕಾಗದವನ್ನು ಹೊರಗೆಡಹುವುದನ್ನು ಅಪರಾಧವಾಗಿಸಿತ್ತು. ಸ್ವಾತಂತ್ರ್ಯ ಬಂದರೂ ಆ ಅಧಿನಿಯಮವು ಹೋಗಲಿಲ್ಲ. ರಹಸ್ಯವೇ ನಿಯಮ, ಪ್ರಕಟನೆಯೇ ಅಪವಾದ ಎಂಬಂತೆ ಕಚೇರಿಗಳು ನಡೆದುಬಂದವು.

ಈ ಗೋಡೆಯಲ್ಲಿ ಮೊದಲ ಬಿರುಕು ಮೂಡಿದುದು ನ್ಯಾಯಾಲಯದಿಂದ. ೧೯೭೫ರಲ್ಲಿ ಉತ್ತರ ಪ್ರದೇಶ ರಾಜ್ಯ ಮತ್ತು ರಾಜ್‌ನಾರಾಯಣ್ ಇವರ ನಡುವಣ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೆ. ಕೆ. ಮ್ಯಾಥ್ಯೂ ಅವರು, ಹೊಣೆಗಾರಿಕೆಯುಳ್ಳ ಸರ್ಕಾರದಲ್ಲಿ ಅಧಿಕಾರಿಗಳು ಸಾರ್ವಜನಿಕವಾಗಿ ಮಾಡಿದ ಪ್ರತಿಯೊಂದು ಕಾರ್ಯವನ್ನೂ ತಿಳಿಯುವ ಹಕ್ಕು ಜನರಿಗುಂಟು ಎಂಬ ಆಶಯವನ್ನು ಪ್ರತಿಪಾದಿಸಿದರು. ೧೯೮೧ರ ನ್ಯಾಯಾಧೀಶರ ವರ್ಗಾವಣೆಯ ಮೊಕದ್ದಮೆಯಲ್ಲಿ ಈ ತತ್ತ್ವವು ಇನ್ನಷ್ಟು ದೃಢವಾಯಿತು. ಸಂವಿಧಾನದ ೧೯ನೆಯ ಅನುಚ್ಛೇದವು ಕೊಟ್ಟ ವಾಕ್‌ಸ್ವಾತಂತ್ರ್ಯದ ಗರ್ಭದಲ್ಲಿಯೇ ಅರಿಯುವ ಹಕ್ಕು ಅಡಗಿದೆಯೆಂಬುದು ನ್ಯಾಯಾಲಯದ ನಿಲುವು. ವಿಷಯವನ್ನೇ ಅರಿಯದವನ ಮಾತಿಗೆ ಸ್ವಾತಂತ್ರ್ಯವಿದ್ದರೂ ಸತ್ತ್ವವಿರದಷ್ಟೆ!

ಕೂಲಿಕಾರರ ಪ್ರಶ್ನೆ

ನ್ಯಾಯಾಲಯದ ತತ್ತ್ವವು ಶಾಸನವಾಗಿ ಇಳಿದುಬರುವುದಕ್ಕೆ ಕಾರಣರಾದವರು ದೊಡ್ಡ ಪಂಡಿತರಲ್ಲ, ಅಕ್ಷರಜ್ಞಾನವೂ ಅಷ್ಟಾಗಿ ಇಲ್ಲದಿದ್ದ ರಾಜಸ್ಥಾನದ ಕೂಲಿಕಾರರು. ಬರಗಾಲದ ನಾಡಾದ ಆ ಸೀಮೆಯಲ್ಲಿ ಸರ್ಕಾರದ ಪರಿಹಾರ ಕಾಮಗಾರಿಗಳೇ ಬಡವರಿಗೆ ಆಧಾರ. ಕೆರೆ ತೋಡಿದವರಿಗೆ, ರಸ್ತೆಗೆ ಮಣ್ಣು ಹೊತ್ತವರಿಗೆ ವಿಧಿಸಿದ ಕನಿಷ್ಠ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ, 'ನೀವು ಅಷ್ಟು ಕೆಲಸ ಮಾಡಿಲ್ಲವೆಂದು ಪುಸ್ತಕದಲ್ಲಿದೆ' ಎಂಬ ಉತ್ತರ. 'ಪುಸ್ತಕ ತೋರಿಸಿ' ಎಂದರೆ, 'ಅದು ಸರ್ಕಾರದ ಗುಟ್ಟು' ಎಂಬ ಮಾತು.

೧೯೯೦ರ ಮೇ ೧ರಂದು ಸ್ಥಾಪಿತವಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು ಈ ಅನ್ಯಾಯದ ಬೇರನ್ನು ಸರಿಯಾಗಿ ಗುರುತಿಸಿತು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರು ಅದರಲ್ಲಿದ್ದರು. ಭಾರತೀಯ ಆಡಳಿತ ಸೇವೆಯಲ್ಲಿದ್ದ ಅರುಣಾ ರಾಯ್ ಅವರು ಆ ಹುದ್ದೆಯನ್ನು ತೊರೆದು ಗ್ರಾಮಸೇವೆಗೆ ಬಂದವರು. ಕೂಲಿಯ ಜಗಳವು ನಿಜಕ್ಕೂ ಕಾಗದದ ಜಗಳವೆಂಬುದು ಅವರಿಗೆ ಹೊಳೆಯಿತು. ೧೯೯೪ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮೊದಲ ಜನಸುನವಾಯಿ, ಎಂದರೆ ಸಾರ್ವಜನಿಕ ವಿಚಾರಣೆ, ನಡೆಯಿತು. ಇಂತಹ ವಿಚಾರಣೆಗಳಲ್ಲಿ ಕೂಲಿಯ ಹಾಜರಿ ಪಟ್ಟಿಯನ್ನು ಊರಜನರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಆಗ ಬಯಲಾದ ಸಂಗತಿಗಳು ಒಂದೆರಡಲ್ಲ. ಸತ್ತವರ ಹೆಸರಿನಲ್ಲಿ ಕೂಲಿ ಸಂದಾಯವಾಗಿತ್ತು. ಕೆಲಸಕ್ಕೇ ಬಾರದವರ ಹೆಬ್ಬೆಟ್ಟಿನ ಗುರುತು ಪಟ್ಟಿಯಲ್ಲಿತ್ತು. ಕಾಗದದಲ್ಲಿ ಮುಗಿದ ಕಟ್ಟಡ ಊರಲ್ಲಿ ಇರಲೇ ಇಲ್ಲ. ಓದಲು ಬಾರದ ಹೆಂಗಸೊಬ್ಬಳಿಗೂ ತನ್ನ ಹೆಸರಿನ ಮುಂದೆ ಎಷ್ಟು ದಿನ ಬರೆದಿದೆಯೆಂದು ಕೇಳಿದೊಡನೆ ಸುಳ್ಳು ಯಾವುದೆಂದು ತಿಳಿಯುವಂತಿತ್ತು.

೧೯೯೬ರ ಏಪ್ರಿಲಿನಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನಗಳ ಧರಣಿ ನಡೆಯಿತು. 'ನಮ್ಮ ಹಣ, ನಮ್ಮ ಲೆಕ್ಕ' ಎಂಬುದು ಅವರ ಘೋಷಣೆಯ ಭಾವ. ಬೇಡಿಕೆಯಾದರೋ ಅತಿ ಸರಳ: ದಾಖಲೆಗಳ ನಕಲು ಕೊಡಿ. ಆ ಕಿಡಿ ದೇಶಕ್ಕೆಲ್ಲ ಹಬ್ಬಿತು. ೧೯೯೭ರಲ್ಲಿ ತಮಿಳುನಾಡು ಮತ್ತು ಗೋವಾ ರಾಜ್ಯಗಳು ತಮ್ಮ ತಮ್ಮ ಶಾಸನಗಳನ್ನು ಮಾಡಿದವು. ಕರ್ನಾಟಕವೂ ೨೦೦೦ದಲ್ಲಿ ತನ್ನದೇ ಆದ ಮಾಹಿತಿ ಹಕ್ಕು ಅಧಿನಿಯಮವನ್ನು ರಚಿಸಿಕೊಂಡಿತು. ಕೇಂದ್ರದಲ್ಲಿ ೨೦೦೨ರಲ್ಲಿ ಅಂಗೀಕೃತವಾದ ಮಾಹಿತಿ ಸ್ವಾತಂತ್ರ್ಯ ಅಧಿನಿಯಮವು ಜಾರಿಗೆ ಬಾರದೆಯೇ ಉಳಿಯಿತು. ಕಡೆಗೆ ೨೦೦೫ರ ಮೇ ತಿಂಗಳಲ್ಲಿ ಸಂಸತ್ತು ಈಗಿನ ಅಧಿನಿಯಮವನ್ನು ಅಂಗೀಕರಿಸಿತು. ಜೂನ್ ೧೫ರಂದು ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು.

ಅಧಿನಿಯಮದ ಸ್ವರೂಪ

ಈ ಅಧಿನಿಯಮದ ಮುಖ್ಯಾಂಶಗಳನ್ನು ವಿದ್ಯಾರ್ಥಿಗಳು ಕ್ರಮವಾಗಿ ಗ್ರಹಿಸತಕ್ಕದ್ದು.

ಮೊದಲನೆಯದಾಗಿ, ಮೂರನೆಯ ಪ್ರಕರಣದಂತೆ ಎಲ್ಲ ನಾಗರಿಕರಿಗೂ ಈ ಹಕ್ಕು ಉಂಟು. ವಯಸ್ಸಿನ ಮಿತಿಯನ್ನು ಅಧಿನಿಯಮವು ಹೇಳಿಲ್ಲ. ಗಾಂಧೀಜಿಯವರಿಗೆ 'ರಾಷ್ಟ್ರಪಿತ' ಎಂಬ ಬಿರುದನ್ನು ಯಾವ ಆದೇಶದಿಂದ ನೀಡಲಾಯಿತೆಂದು ೨೦೧೨ರಲ್ಲಿ ಉತ್ತರ ಪ್ರದೇಶದ ಶಾಲಾಬಾಲಕಿಯೊಬ್ಬಳು ಪ್ರಶ್ನಿಸಿ, ಅಂತಹ ದಾಖಲೆಯೇ ಇಲ್ಲವೆಂಬ ಉತ್ತರವನ್ನು ಪಡೆದಳು. ಆ ಬಿರುದು ಜನರ ಬಾಯಿಂದ ಬಂದುದು, ಕಚೇರಿಯಿಂದಲ್ಲ ಎಂಬುದು ಒಬ್ಬ ಬಾಲಕಿಯ ಪ್ರಶ್ನೆಯಿಂದ ದೇಶಕ್ಕೇ ಮನವರಿಕೆಯಾಯಿತು.

ಎರಡನೆಯದಾಗಿ, ಕೇಳುವವನು ಕಾರಣವನ್ನು ಹೇಳಬೇಕಾಗಿಲ್ಲ. ಆರನೆಯ ಪ್ರಕರಣವು ಇದನ್ನು ಸ್ಪಷ್ಟಪಡಿಸುತ್ತದೆ. 'ನಿನಗೇಕೆ ಬೇಕು?' ಎಂದು ಕೇಳುವ ಅಧಿಕಾರ ಅಧಿಕಾರಿಗಿಲ್ಲ. ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದು. ಕರ್ನಾಟಕದಲ್ಲಿ ಕನ್ನಡದಲ್ಲಿಯೇ ಬರೆಯಲು ಯಾವ ಸಂಕೋಚವೂ ಬೇಡ. ಬರೆಯಲಾರದವನು ಬಾಯಿಮಾತಿನಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕು. ತಪ್ಪಾಗಿ ಬೇರೆ ಕಚೇರಿಗೆ ಹೋದ ಅರ್ಜಿಯನ್ನು ಐದು ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸತಕ್ಕದ್ದು.

ಮೂರನೆಯದಾಗಿ, ಕಾಲದ ಕಟ್ಟು. ಮೂವತ್ತು ದಿನಗಳೊಳಗೆ ಉತ್ತರ ಸಿಗಬೇಕು. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ವಿಷಯವಾದರೆ ನಲವತ್ತೆಂಟು ಗಂಟೆಗಳೊಳಗೆ. ಅವಧಿ ಮೀರಿದರೆ ಮಾಹಿತಿಯನ್ನು ಶುಲ್ಕವಿಲ್ಲದೆ ಕೊಡತಕ್ಕದ್ದು. ಕರ್ನಾಟಕದ ನಿಯಮಗಳಂತೆ ಅರ್ಜಿಯ ಶುಲ್ಕ ೧೦ ರೂಪಾಯಿ, ನಕಲಿಗೆ ಪುಟವೊಂದಕ್ಕೆ ೨ ರೂಪಾಯಿ. ಬಡತನದ ರೇಖೆಗಿಂತ ಕೆಳಗಿರುವವರಿಗೆ ಅರ್ಜಿಯ ಶುಲ್ಕವಿಲ್ಲ.

ನಾಲ್ಕನೆಯದಾಗಿ, ಮೇಲ್ಮನವಿ. ಉತ್ತರ ಬಾರದಿದ್ದರೆ, ಬಂದುದು ತೃಪ್ತಿಕರವಲ್ಲದಿದ್ದರೆ, ಮೂವತ್ತು ದಿನಗಳೊಳಗೆ ಅದೇ ಕಚೇರಿಯ ಹಿರಿಯ ಅಧಿಕಾರಿಗೆ ಪ್ರಥಮ ಮೇಲ್ಮನವಿ. ಅಲ್ಲಿಯೂ ನ್ಯಾಯ ದೊರೆಯದಿದ್ದರೆ ತೊಂಬತ್ತು ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ನಿರಾಕರಣೆ ಸರಿಯೆಂದು ಸಾಧಿಸುವ ಹೊಣೆ ಅಧಿಕಾರಿಯದೇ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನವೊಂದಕ್ಕೆ ೨೫೦ ರೂಪಾಯಿಯಂತೆ ೨೫,೦೦೦ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಐದನೆಯದಾಗಿ, ಎಲ್ಲರೂ ಮರೆಯುವ ನಾಲ್ಕನೆಯ ಪ್ರಕರಣ. ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ರಚನೆ, ನೌಕರರ ಕರ್ತವ್ಯ, ವೇತನ, ಆಯವ್ಯಯ, ಫಲಾನುಭವಿಗಳ ವಿವರ ಮೊದಲಾದವುಗಳನ್ನು ಯಾರೂ ಕೇಳುವ ಮೊದಲೇ ತಾನಾಗಿ ಪ್ರಕಟಿಸಬೇಕೆಂದು ಅದು ವಿಧಿಸುತ್ತದೆ. ಇದನ್ನು ನಿಷ್ಠೆಯಿಂದ ಪಾಲಿಸಿದರೆ ಅರ್ಜಿಗಳ ಸಂಖ್ಯೆ ತಾನಾಗಿಯೇ ಇಳಿದೀತು. ಕರ್ನಾಟಕ ಸರ್ಕಾರವು ಈ ಉದ್ದೇಶದಿಂದ ರೂಪಿಸಿದ ಜಾಲತಾಣಕ್ಕೆ 'ಮಾಹಿತಿ ಕಣಜ'ವೆಂದು ಹೆಸರಿಟ್ಟಿರುವುದು ಸಮಂಜಸವಾಗಿದೆ. ಕಣಜವು ತುಂಬಿಡುವುದಕ್ಕೆ ಮಾತ್ರವಲ್ಲ, ಹಸಿದಾಗ ತೆಗೆದು ಉಣ್ಣುವುದಕ್ಕೂ ಇರುವುದಷ್ಟೆ.

ಅರ್ಜಿಯ ಭಾಷೆ

ಹಕ್ಕಿದ್ದರೂ ಕೇಳುವ ರೀತಿ ತಿಳಿಯದಿದ್ದರೆ ಫಲವಿಲ್ಲ. ಅಧಿನಿಯಮದ ಪ್ರಕಾರ 'ಮಾಹಿತಿ'ಯೆಂದರೆ ಕಚೇರಿಯಲ್ಲಿ ದಾಖಲೆಯಾಗಿ ಇರುವಂಥದು. ಇಲ್ಲದ ಮಾಹಿತಿಯನ್ನು ಸೃಷ್ಟಿಸಿ ಕೊಡಲು, ಅಭಿಪ್ರಾಯ ಹೇಳಲು ಅಧಿಕಾರಿಯು ಬದ್ಧನಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ 'ನನ್ನ ವಿದ್ಯಾರ್ಥಿವೇತನ ಏಕೆ ಬರಲಿಲ್ಲ?' ಎಂಬ ಪ್ರಶ್ನೆ ದುರ್ಬಲ. 'ಇಂತಹ ವರ್ಷದ ವಿದ್ಯಾರ್ಥಿವೇತನಕ್ಕಾಗಿ ಇಂತಹ ದಿನಾಂಕದಂದು ಸಲ್ಲಿಸಿದ ಅರ್ಜಿಯ ಮೇಲೆ ಕೈಗೊಂಡ ಕ್ರಮವನ್ನು ತೋರಿಸುವ ಟಿಪ್ಪಣಿ ಹಾಳೆಗಳ ನಕಲನ್ನೂ, ಆ ವರ್ಷ ಮಂಜೂರಾದವರ ಪಟ್ಟಿಯನ್ನೂ ಒದಗಿಸತಕ್ಕದ್ದು' ಎಂಬುದು ಸಬಲ. ಮೊದಲನೆಯದು ಅಳಲು, ಎರಡನೆಯದು ಅರ್ಜಿ. ಕರ್ನಾಟಕದ ನಿಯಮಗಳು ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿದ್ದು ಸಾಮಾನ್ಯವಾಗಿ ೧೫೦ ಪದಗಳನ್ನು ಮೀರಬಾರದೆಂದು ಹೇಳುತ್ತವೆ. ಮಿತವಾಗಿ, ಖಚಿತವಾಗಿ ಬರೆಯುವ ಶಿಕ್ಷಣ ಕನ್ನಡದ ತರಗತಿಯಲ್ಲಿ ದೊರೆತಿದ್ದರೆ ಅದರ ಬೆಲೆ ಇಲ್ಲಿ ತಿಳಿಯುತ್ತದೆ.

ಅದೇ ೨೦೧೧ರ ತೀರ್ಪು ವಿದ್ಯಾರ್ಥಿಗಳಿಗೆ ಇನ್ನೊಂದು ವರವನ್ನೂ ಇತ್ತಿದೆ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು ಕಕ್ಷಿಯಾಗಿದ್ದ ಆ ಮೊಕದ್ದಮೆಯಲ್ಲಿ, ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಉಂಟೆಂದು ನ್ಯಾಯಾಲಯವು ನಿರ್ಣಯಿಸಿತು.

ಎಲ್ಲೆಗಳು ಮತ್ತು ಒಂದು ಧರ್ಮಸಂಕಟ

ಎಲ್ಲವನ್ನೂ ಎಲ್ಲರಿಗೂ ತಿಳಿಸಲಾಗದು. ದೇಶದ ರಕ್ಷಣೆ, ನಡೆಯುತ್ತಿರುವ ತನಿಖೆ, ವ್ಯಾಪಾರದ ಗುಟ್ಟು, ವ್ಯಕ್ತಿಯ ಖಾಸಗಿ ಬದುಕು ಇವೇ ಮೊದಲಾದವುಗಳನ್ನು ಎಂಟನೆಯ ಪ್ರಕರಣವು ಹತ್ತು ವಿಧಗಳಲ್ಲಿ ಹೊರತುಪಡಿಸಿದೆ. ಆದರೂ ಹಾನಿಗಿಂತ ಸಾರ್ವಜನಿಕ ಹಿತವೇ ಹೆಚ್ಚೆಂದು ಕಂಡಲ್ಲಿ ಅಂತಹ ಮಾಹಿತಿಯನ್ನೂ ಕೊಡಬಹುದೆಂಬ ಮಾತು ಅದೇ ಪ್ರಕರಣದಲ್ಲಿದೆ. ದಾಖಲೆಯ ಒಂದು ಭಾಗ ಮಾತ್ರ ಗೋಪ್ಯವಾಗಿದ್ದರೆ ಅದನ್ನು ಬೇರ್ಪಡಿಸಿ ಉಳಿದುದನ್ನು ಕೊಡಬೇಕೆಂಬುದು ಹತ್ತನೆಯ ಪ್ರಕರಣ.

ಇತ್ತೀಚೆಗೆ ಇಲ್ಲೊಂದು ಗಂಭೀರ ಪ್ರಶ್ನೆ ತಲೆದೋರಿದೆ. ಖಾಸಗಿತನವು ಮೂಲಭೂತ ಹಕ್ಕೆಂದು ೨೦೧೭ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಬಳಿಕ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಮಾಹಿತಿ ಹಕ್ಕಿನ ಎಂಟನೆಯ ಪ್ರಕರಣದ ಒಂದು ಖಂಡವನ್ನು ಬದಲಿಸಿತು. ೨೦೨೫ರ ನವೆಂಬರಿನಲ್ಲಿ ಆ ಬದಲಾವಣೆ ಜಾರಿಗೆ ಬಂದಿತು. ಮೊದಲು, ಸಾರ್ವಜನಿಕ ಕಾರ್ಯಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನುಚಿತವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಾಗಿತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲವೆಂಬ ಉದಾತ್ತ ವಾಕ್ಯವೂ ಅಲ್ಲಿತ್ತು. ಈಗ ಆ ವಿಶೇಷಣಗಳೆಲ್ಲ ಹೋಗಿ 'ವೈಯಕ್ತಿಕ ಮಾಹಿತಿ' ಎಂಬಷ್ಟೇ ಉಳಿದಿದೆ.

ವಿಶೇಷಣ ಕಳಚಿದರೆ ವಿಶೇಷ್ಯದ ವ್ಯಾಪ್ತಿ ಹಿಗ್ಗುತ್ತದೆಂಬುದು ವ್ಯಾಕರಣದ ಪ್ರಥಮ ಪಾಠ. ಸಾರ್ವಜನಿಕ ಹಿತವನ್ನು ಎತ್ತಿಹಿಡಿಯುವ ಉಪಪ್ರಕರಣ ಹಾಗೆಯೇ ಇರುವುದರಿಂದ ಭಯಕ್ಕೆಡೆಯಿಲ್ಲವೆಂಬುದು ಸರ್ಕಾರದ ಸಮಾಧಾನ, ಅದನ್ನು ಕಡೆಗಣಿಸಲಾಗದು. ಜನರ ಖಾಸಗಿ ವಿವರಗಳು ಸಂತೆಯ ಸರಕಾಗುತ್ತಿರುವ ಕಾಲದಲ್ಲಿ ರಕ್ಷಣೆಯೂ ಬೇಕೇ ಬೇಕು. ಆದರೆ ಹಾಜರಿ ಪಟ್ಟಿಯಲ್ಲಿರುವುದು ಏನು? ಹೆಸರುಗಳು. ಪಡಿತರದ ಪಟ್ಟಿಯಲ್ಲಿ, ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಇರುವುದೂ ಹೆಸರುಗಳೇ. ಹೆಸರನ್ನು ಓದಲಾಗದಿದ್ದರೆ ಸತ್ತವನ ಹೆಸರಿನಲ್ಲಿ ಕೂಲಿ ಪಡೆದವನನ್ನು ಹಿಡಿಯುವ ಬಗೆ ಯಾವುದು? ಯಾವ ವಿಧಾನದಿಂದ ಈ ಹಕ್ಕು ಹುಟ್ಟಿತೋ ಆ ವಿಧಾನಕ್ಕೇ ಅಡ್ಡಿ ಬಂದರೆ ಮಗುವೇ ತಾಯಿಯನ್ನು ಹೊರಗಟ್ಟಿದಂತಾದೀತು. ಬಡವನ ಖಾಸಗಿತನವನ್ನು ಕಾಯುವ ನೆಪದಲ್ಲಿ ಬಡವನ ಕೂಲಿ ಕದ್ದವನ ಗುಟ್ಟನ್ನು ಕಾಯದಂತೆ ಈ ಖಂಡವನ್ನು ಅರ್ಥೈಸುವ ಹೊಣೆ ಆಯೋಗಗಳ ಮೇಲೂ ನ್ಯಾಯಾಲಯಗಳ ಮೇಲೂ ಇದೆ.

ಬೇರೆ ಆತಂಕಗಳೂ ಇಲ್ಲದಿಲ್ಲ. ೨೦೧೯ರ ತಿದ್ದುಪಡಿಯು ಆಯುಕ್ತರ ಅಧಿಕಾರಾವಧಿಯನ್ನು ನಿಗದಿಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸಿತು. ಐದು ವರ್ಷವಿದ್ದುದು ಮೂರು ವರ್ಷವಾಯಿತು. ಆಯೋಗಗಳಲ್ಲಿ ಮೇಲ್ಮನವಿಗಳು ಬಹುಕಾಲ ಕೊಳೆಯುತ್ತವೆ. ಮಾಹಿತಿ ಕೇಳಿದ ತಪ್ಪಿಗೆ ಪ್ರಾಣವನ್ನೇ ತೆತ್ತವರೂ ಈ ದೇಶದಲ್ಲಿದ್ದಾರೆ. ಅಕ್ರಮವನ್ನು ಬಯಲಿಗೆಳೆದವರ ರಕ್ಷಣೆಗೆಂದು ೨೦೧೪ರಲ್ಲಿ ಆದ ಅಧಿನಿಯಮವು ದಶಕ ಕಳೆದರೂ ಜಾರಿಗೆ ಬರಲಿಲ್ಲ. ಇನ್ನೊಂದೆಡೆ, ಹಗೆ ತೀರಿಸಲು, ಬೆದರಿಸಿ ಹಣ ಕೀಳಲು ಈ ಅಧಿನಿಯಮವನ್ನು ಬಳಸುವವರೂ ಉಂಟು. ಅಂಥವರಿಂದ ಪ್ರಾಮಾಣಿಕ ಅರ್ಜಿದಾರನ ಮೇಲೂ ಸಂಶಯದ ನೆರಳು ಬೀಳುತ್ತದೆ. ದೀಪವನ್ನು ಓದಲಿಕ್ಕೂ ಬಳಸಬಹುದು, ಮನೆ ಸುಡಲಿಕ್ಕೂ ಬಳಸಬಹುದು. ಅಷ್ಟರಿಂದ ದೀಪವನ್ನೇ ಆರಿಸುವುದು ವಿವೇಕವಲ್ಲ.

ಉಪಸಂಹಾರ

ಕೇಳುವ ಹಕ್ಕನ್ನು ಹೊಗಳುವವರು ಒಂದು ಮಾತನ್ನು ಮರೆಯಬಾರದು: ಕೇಳುವವನೂ ಒಂದು ದಿನ ಉತ್ತರ ಕೊಡುವವನಾಗುತ್ತಾನೆ. ಸರ್ಕಾರದಿಂದ ಗಣನೀಯ ಅನುದಾನ ಪಡೆಯುವ ಸರ್ಕಾರೇತರ ಸಂಸ್ಥೆಗಳೂ ಸಾರ್ವಜನಿಕ ಪ್ರಾಧಿಕಾರಗಳೇ ಎಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರಲ್ಲಿ, ಖಾಸಗಿ ಆಡಳಿತದ ಕಾಲೇಜುಗಳಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಅದೇ ವರ್ಷ ಭಾರತದ ಮುಖ್ಯ ನ್ಯಾಯಮೂರ್ತಿಗಳ ಕಚೇರಿಯೂ ಈ ಅಧಿನಿಯಮಕ್ಕೆ ಒಳಪಟ್ಟುದೆಂದು ಆ ನ್ಯಾಯಾಲಯವೇ ಹೇಳಿತು. ತನಗೆ ತಾನೇ ಕಟ್ಟಳೆ ಹಾಕಿಕೊಂಡ ಆ ನಡೆ ಅನುಕರಣೀಯ. ಅನುದಾನಿತ ಶಾಲೆ, ಸಂಘ, ಸಂಸ್ಥೆ ಯಾವುದೇ ಆಗಲಿ, ದಾಸೋಹದ ಅಕ್ಕಿಯ ಲೆಕ್ಕದಿಂದ ಹಿಡಿದು ಕಟ್ಟಡದ ಇಟ್ಟಿಗೆಯ ಲೆಕ್ಕದವರೆಗೆ, ಊರವರು ಬಂದು ಕೇಳಿದಾಗ ಕಡತವನ್ನು ನಗುಮೊಗದಿಂದ ಬಿಡಿಸಿಡುವಂತಿರಬೇಕು.

ಇಂದು ಈ ಬೆಂಚುಗಳ ಮೇಲೆ ಕುಳಿತು ಓದುತ್ತಿರುವ ಮಕ್ಕಳಲ್ಲಿ ಕೆಲವರು ನಾಳೆ ಕೌಂಟರಿನ ಈಚೆ ನಿಂತು ಅರ್ಜಿ ಕೊಡುವವರು. ಕೆಲವರು ಆಚೆ ಕುಳಿತು ಅರ್ಜಿ ಪಡೆಯುವವರು. ಈಚೆ ನಿಂತವರಿಗೆ ಧೈರ್ಯವೂ ಮಿತಭಾಷೆಯೂ ಇರಲಿ. ಆಚೆ ಕುಳಿತವರಿಗೆ, ಎದುರಿಗೆ ನಿಂತವನು ಭಿಕ್ಷುಕನಲ್ಲ, ತನ್ನದನ್ನೇ ಕೇಳಲು ಬಂದ ಯಜಮಾನನೆಂಬ ಅರಿವಿರಲಿ. ಈ ಎರಡು ಗುಣಗಳು ಕೂಡಿದಲ್ಲಿ ಅಧಿನಿಯಮವು ಬರಿಯ ಅಕ್ಷರವಾಗದೆ ಆಚಾರವಾಗುತ್ತದೆ.